ಕೆಂದಿಯ ಪರಿಹಾರ

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಗಂಡನ ಮೊಣಕಾಲು ತನ್ನ ಮೊಣಕಾಲಿಗೆ ಒತ್ತಿಕೊಂಡಿದೆ ಎಂಬುದು ಸಾಕಮ್ಮನ ಅರಿವಿಗೆ ಬಂದದ್ದು ಪ್ರಾರ್ಥನೆ ಹಾಡಿದ ಹುಡುಗಿಯರು ವೇದಿಕೆಯಿಂದ ಇಳಿದುಹೋದ ಮೇಲೆ. ಅವಳು ಕಾಲನ್ನು ಎಳೆದುಕೊಂಡಳು. ಮಹದೇವಪ್ಪನಿಗೆ ಅದು ತಿಳಿಯಲಿಲ್ಲ. ಇಸ್ತ್ರಿ ಮಾಡಿಸಿದ ಬಿಳಿ ಅಂಗಿಯ ಕಾಲರು ಕತ್ತಿಗೆ ತಿವಿಯುತ್ತಿದ್ದುದರಿಂದ ಅವನು ತಲೆಯನ್ನು ಆಚೆ ಈಚೆ ಆಡಿಸುತ್ತ, ವೇದಿಕೆಯ ಹಿಂದೆ ಕಟ್ಟಿದ್ದ ದೊಡ್ಡ ಹುಲಿಯ ಚಿತ್ರವನ್ನು ನೋಡುತ್ತಿದ್ದ. ಹುಣಸೂರಿನ ಆ ಕಲ್ಯಾಣ ಮಂಟಪದಲ್ಲಿ ಅರಣ್ಯ ಇಲಾಖೆಯವರು ವನ್ಯಜೀವಿ ಸಪ್ತಾಹದ ಸಮಾರಂಭ ಇಟ್ಟುಕೊಂಡಿದ್ದರು. ಹುಲಿ ತಮ್ಮ ಹಸುವನ್ನು ಕೊಂದರೂ ಸಿಟ್ಟಿಗೆದ್ದು ಹುಲಿಯನ್ನು ಕೊಲ್ಲಲು ಹಸುವಿನ ಹೆಣಕ್ಕೆ ವಿಷ ಹಾಕದೆ ಇಲಾಖೆಯ ಮಾತು ಕೇಳಿದ ಕಾಡಂಚಿನ ರೈತರಿಗೆ ಶಾಲು ಹೊದಿಸಿ, ಪರಿಹಾರ ಮಂಜೂರಾದ ಪತ್ರವನ್ನು ಎಲ್ಲರೆದುರು ಕೈಗಿಡುವ ಏರ್ಪಾಡು. ಅಂಥ ಕೆಲವು ಗಂಡಹೆಂಡಿರನ್ನು ಮುಂದಿನ ಸಾಲಿನಲ್ಲಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳಲ್ಲಿ ಕೂರಿಸಿದ್ದರು. ಅಷ್ಟು ಬೆಳ್ಳಗಿನ ಕುರ್ಚಿಯಲ್ಲಿ ಸಾಕಮ್ಮ ಮಗಳ ಮದುವೆಯಲ್ಲೂ ಕೂತವಳಲ್ಲ. ಬೆನ್ನಿನ ಬೆವರು ಬಟ್ಟೆಗೆ ಹತ್ತೀತೆಂದು, ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವಳ ಹಾಗೆ ತುದಿಯಲ್ಲಿ ಕೂತಿದ್ದಳು.

"ಸರ್ಯಾಗಿ ಕೂತ್ಕೊ. ಫೋಟೋ ತೆಗೀತಾವ್ರೆ," ಎಂದು ಮಹದೇವಪ್ಪ ಪಿಸುಗುಟ್ಟಿದ.

ಅವನ ಉಸಿರಿನಲ್ಲಿ ಏಲಕ್ಕಿಯ ವಾಸನೆ ಇತ್ತು. ಬರುವಾಗ ಖದೀರ್ ಸಾಬರು ತಮ್ಮ ಅಂಗಡಿಯಲ್ಲಿ ತರಿಸಿಕೊಟ್ಟ ಚಹಾದ ಏಲಕ್ಕಿ. ಇಬ್ಬರೂ ಅಲ್ಲೇ ಕುಡಿದದ್ದು. ಆದರೆ ಅವನು ಅರ್ಧ ಲೋಟಕ್ಕೇ ಎದ್ದು, "ನೀನು ಇಲ್ಲೇ ಇರು, ಗಡ್ಡ ಮಾಡಿಸ್ಕಂಡು ಬತ್ತೀನಿ" ಎಂದು ಹೋಗಿದ್ದ. ಹೋಗದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಗಡ್ಡ ಬಿಟ್ಟುಕೊಂಡು ಬಂದಿದ್ದರೆ, ಖದೀರನ ಅಂಗಡಿಯಲ್ಲಿ ಗಿರಾಕಿಗಳಿದ್ದಿದ್ದರೆ, ಅವಳು ಈಗ ಉಳಿದ ಹೆಂಗಸರಂತೆ ಸೆರಗು ಸರಿಮಾಡಿಕೊಂಡು ತನ್ನ ಹೆಸರು ಕರೆಯುವುದನ್ನೇ ಕಾಯುತ್ತಿರಬಹುದಿತ್ತು. ಖದೀರ್ ಮೊದಲು ದನದ ವ್ಯಾಪಾರ ಮಾಡುತ್ತಿದ್ದವನು. ಈಗ ಹುಲಿಯ ಪಾಲಾದ ಹಸು ಕೆಂದಿಯನ್ನು ಕಡಸಾಗಿದ್ದಾಗ ಹಿಡಿದು ತಂದು ಅವರ ಕೊಟ್ಟಿಗೆಗೆ ಕೊಟ್ಟವನೂ ಅವನೇ. ಈಗ ಆ ವ್ಯಾಪಾರ ಬಿಟ್ಟು ಬಸ್ ನಿಲ್ದಾಣದ ಹತ್ತಿರ ಹಗ್ಗ, ಟಾರ್ಪಾಲು, ದನದ ಕೊರಳ ಗಂಟೆ ಮಾರುತ್ತಿದ್ದ. ಅವಳಿಗೆ ಸ್ಟೂಲು ಒರೆಸಿಕೊಟ್ಟು, ತಾನು ನಿಂತೇ ಮಾತಾಡಿದ್ದ.

"ಕೆಂದಿ ವಿಷಯ ಕೇಳಿ ಹೊಟ್ಟೆ ಉರೀತು ಅಕ್ಕಾ. ಎಂಥಾ ಸಾಧು ಹಸು. ಗೌರಿ ಹಬ್ಬಕ್ಕೆ ಮುಂಚೆ ಅಣ್ಣ ಬಂದಿದ್ರು, ಅದನ್ನ ಎಲ್ಲಾದ್ರೂ ಸಾಗಿಸ್ಕೊಡು ಖದೀರ್ ಅಂತ. ಹೊಸ ಕಾನೂನು ಬಂದ್ಮೇಲೆ ದಾರೀಲಿ ದನದ ಗಾಡಿ ಹಿಡಿದ್ರೆ ನಮ್ಮ ಗತಿ ಏನು, ನನ್ನ ಕೈಲಿ ಆಗಲ್ಲ ಅಣ್ಣಾ ಅಂದೆ. ಅವಾಗ ಕೇಳಿದ್ರು, ಹುಲಿ ಹಿಡಿದ್ರೆ ಗೊಡ್ಡು ಹಸೂಗೂ ಪರಿಹಾರ ಕೊಡ್ತಾರಾ ಅಂತ. ಕೊಡ್ತಾರಂತೆ ಅಂದೆ. ತಮಾಷೆಗೆ ಆಡಿದ ಮಾತು, ಹಂಗೇ ಆಗೋಯ್ತು ನೋಡಿ."

"ಆಮ್ಯಾಕೆ?"

"ಆಮೇಲೇನು, ಹೊಸ ಹಗ್ಗ ತಗೊಂಡು ಹೋದ್ರು. ಆ ನೀಲಿದು ಇದ್ಯಲ್ಲ, ಅದೇ..."

ಕೈ ತೋರಿಸಲು ಹೋದವನು ಅರ್ಧಕ್ಕೆ ನಿಲ್ಲಿಸಿದ. ಅವಳ ಮುಖ ನೋಡಿದ. ಆಮೇಲೆ, ಯಾರೂ ಮುಟ್ಟದ ಟಾರ್ಪಾಲಿನ ಸುರುಳಿಯನ್ನು ಎತ್ತಿ ಬೇರೆ ಕಡೆ ಇಟ್ಟ. "ಇನ್ನೊಂದು ಚಾ ಹೇಳ್ಲಾ ಅಕ್ಕಾ?" ಎಂದ. ಅವನ ದನಿಯಲ್ಲಿ, ತಾನು ಏನನ್ನೋ ಒಡೆದುಹಾಕಿದೆ ಎಂದು ತಿಳಿದವನ ಅವಸರವಿತ್ತು. ಬೇಡವೆಂದು ಅವಳು ತಲೆಯಾಡಿಸಿದಳು. ಗೋಡೆಗೆ ತೂಗುಹಾಕಿದ್ದ ನೀಲಿ ಹಗ್ಗಗಳು ಫ್ಯಾನಿನ ಗಾಳಿಗೆ ಅಲುಗಾಡುತ್ತಿದ್ದವು.

ಕೆಂದಿ ಹಗ್ಗ ಕಂಡ ಹಸುವೇ ಅಲ್ಲ. ಬೆಳಿಗ್ಗೆ ಬಿಟ್ಟರೆ ಹೊಲದ ಬದುವಿನಲ್ಲಿ ಮೇಯ್ದು, ಹೊತ್ತು ಇಳಿಯುವುದರೊಳಗೆ ತಾನೇ ಬಂದು, ಹಿತ್ತಿಲ ತಡಿಕೆಯನ್ನು ಹಣೆಯಿಂದ ದೂಡಿಕೊಂಡು ಒಳಗೆ ಬರುತ್ತಿತ್ತು. ಹಾಲು ಬತ್ತಿ ಎರಡು ವರ್ಷವಾಗಿತ್ತು; ಏನು ಮಾಡಿದರೂ ಗಬ್ಬ ನಿಲ್ಲಲಿಲ್ಲ. ಕರೆಯುವ ಹಸುವಿಗೆ ಹಿಂಡಿ ಕಲಸುವಾಗ ಸಾಕಮ್ಮ ಒಂದು ಹಿಡಿಯನ್ನು ಕೆಂದಿಯ ಬಾನಿಗೆ ಹಾಕಿದರೆ, ಮಹದೇವಪ್ಪ ಜಗುಲಿಯ ಮೇಲಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಬಯ್ಯುತ್ತಿರಲಿಲ್ಲ. ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಅಷ್ಟೆ. ಹೋದ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಅವಳ ಗರ್ಭಕೋಶ ತೆಗೆದು ಮನೆಗೆ ಕಳಿಸಿದಾಗ, ಬಸ್ಸಿನಲ್ಲಿ ಅವನು, "ಇನ್ನು ಮ್ಯಾಕೆ ಭಾರ ಎತ್ತಂಗಿಲ್ಲ, ಕುಯ್ಯಂಗಿಲ್ಲ, ಬಗ್ಗಂಗಿಲ್ಲ ಅಂದವ್ರೆ ಡಾಕ್ಟ್ರು. ನಮ್ಮನೇಲಿ ಇಬ್ರಾದ್ರು ಬುಡು, ನೀನೂ ಕೆಂದೀನೂವೆ" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು, ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು. ಎಷ್ಟು ಚೆನ್ನಾಗಿ ನಕ್ಕಿದ್ದೆನಲ್ಲ ಎಂದು ಈಗ ಅನ್ನಿಸಿ, ಕತ್ತು ಬಿಸಿಯಾಯಿತು.

ವೇದಿಕೆಯ ಮೇಲೆ ಯಾರೋ ಕಾಡಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಹುಲಿ ಇದ್ದರೆ ಕಾಡು, ಕಾಡಿದ್ದರೆ ಮಳೆ, ಮಳೆಯಿದ್ದರೆ ನಾವು. ಹಿಂದಿನ ಸಾಲಿನಲ್ಲಿ ಮಗುವೊಂದು ಅಳುತ್ತಿತ್ತು.

ಅವಳಿಗೆ ನುಂಗಲಾಗದೇ ಇದ್ದದ್ದು ಹಗ್ಗವಲ್ಲ, ಬಸ್ಸು. ಗೌರಿ ಹಬ್ಬದ ಬಾಗಿನ ಕೊಡಲು ಕೆ.ಆರ್. ನಗರದ ಮಗಳ ಮನೆಗೆ ಅವಳು ಯಾವತ್ತೂ ಒಬ್ಬಳೇ ಹೋಗಿ, ಅವತ್ತೇ ಸಂಜೆ ತಿರುಗಿ ಬರುವುದು ರೂಢಿ. ಕೊಟ್ಟಿಗೆ ನೋಡುವವರು ಯಾರು? ಈ ಸಲ ಮಹದೇವಪ್ಪನೇ ಎತ್ತಿದ ಮಾತು: "ಎಲ್ಡು ದಿನ ಇದ್ದು ಬಾ ಕಣೆ. ರಮ್ಯಂಗೂ ಖುಷಿಯಾಯ್ತದೆ. ಆಪ್ರೇಷನ್ ಆದಾಗ್ಲಿಂದ ಎಲ್ಲಿಗೂ ಓಗಿಲ್ಲ ನೀನು. ದನಗೋಳ್ನ ನಾನು ನೋಡ್ಕತೀನಿ." ಅವನು ಹುಣಸೂರಿನವರೆಗೆ ಜೊತೆಗೆ ಬಂದ. ಬಸ್ಸಿನ ಜನ ಮುಗಿಬಿದ್ದಾಗ ಹೆಗಲ ಮೇಲಿನ ಟವೆಲನ್ನು ಕಿಟಕಿಯೊಳಗೆ ಎಸೆದು ಅವಳಿಗೆ ಸೀಟು ಹಿಡಿದ. ಕೆಳಗಿನಿಂದಲೇ ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ಕೊಟ್ಟು, "ಮುಡ್ಕೊ" ಎಂದ. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರೆಂದು ಅವಳು ನಾಚಿ, ಬಸ್ಸು ಊರು ದಾಟಿದ ಮೇಲೆ ಮುಡಿದುಕೊಂಡಳು. ಕೆ.ಆರ್. ನಗರದ ದಾರಿಯುದ್ದಕ್ಕೂ ಗದ್ದೆ, ನಾಲೆಯ ನೀರು, ತಂಪು ಗಾಳಿ. ಈ ಮನುಷ್ಯನನ್ನು ನಾನು ಇಷ್ಟು ದಿನ ಸರಿಯಾಗಿ ತಿಳಿದುಕೊಂಡಿರಲಿಲ್ಲವೇನೋ ಎಂದುಕೊಂಡಳು. ಬಾಯಿ ಒರಟು, ಒಳಗೆ ಹಾಗಲ್ಲ. ಮಗಳ ಮುಂದೆ ಅದನ್ನೇ ಹೇಳಿದಳು, ಒಂದಕ್ಕೆರಡು ಮಾಡಿ ಹೇಳಿದಳು. "ನಿಮ್ಮಪ್ಪ ಬದ್ಲಾಗವ್ರೆ ಕಣೆ." ರಮ್ಯ ತಾಯಿಯ ಮುಡಿಯಲ್ಲಿದ್ದ ಹೂವನ್ನು ಮುಟ್ಟಿ ನಗಾಡಿದ್ದಳು. ಆ ನಗು, ಆ ಗಾಳಿ, ಸೀಟಿನ ಮೇಲೆ ಬಿದ್ದ ಒದ್ದೆ ಟವೆಲು, ಎಲ್ಲವೂ ಈಗ ಯಾರೋ ಬಾಯಿಗೆ ಇಟ್ಟು ಮತ್ತೆ ಕಿತ್ತುಕೊಂಡ ತುತ್ತಿನಂತೆ. ಅಷ್ಟೊತ್ತಿಗೆ ಮನೆಯಲ್ಲಿ ನೀಲಿ ಹಗ್ಗ ಇತ್ತು. ಎಲ್ಲಿ ಇಟ್ಟಿದ್ದ? ಅಟ್ಟದ ಮೇಲೋ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲೋ?

ಮಾರನೆಯ ಬೆಳಿಗ್ಗೆ ಫೋನು ಬಂತು. "ಕೆಂದೀನ ಹುಲಿ ಹಿಡೀತು ಕಣೆ," ಎಂದ. ಅವಳು ಬಾಗಿನದ ಮೊರ ಅಲ್ಲೇ ಬಿಟ್ಟು ಓಡೋಡಿ ಬಂದಾಗ ಇಲಾಖೆಯ ಜೀಪು, ಪಶು ಡಾಕ್ಟರು, ಊರ ಜನ ಎಲ್ಲರೂ ಹೊಲದಲ್ಲಿದ್ದರು. ಆನೆ ತಡೆಯಲು ತೋಡಿದ ಕಂದಕದ ಈಚೆ, ಹೊಲದ ಕಡೆಯ ಮೂಲೆಯ ನೇರಳೆ ಮರದ ಬುಡದಲ್ಲಿ ಕೆಂದಿ ಬಿದ್ದಿತ್ತು. ಹಿಂಭಾಗ ಇರಲಿಲ್ಲ. ಕಣ್ಣು ತೆರೆದಿತ್ತು, ಅದರ ಮೇಲೆ ನೊಣ. ಮರದ ಬೊಡ್ಡೆಗೆ ಹೊಸ ನೀಲಿ ಹಗ್ಗ. ಊರಲ್ಲೆಲ್ಲ ಎಂಟು ದಿನದಿಂದ ಅದೇ ಮಾತಿತ್ತು, ಆ ಮೂಲೆಯಲ್ಲಿ ಹುಲಿ ಹೆಜ್ಜೆ ಬಿದ್ದಿದೆ ಎಂದು. ವಲಯ ಅರಣ್ಯಾಧಿಕಾರಿ ಬಸವರಾಜು ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ; ಚಪ್ಪಲಿ ಬಿಟ್ಟು ಬಂದ ಅವಳ ಕಾಲು ನೋಡಿ, ಮುಳ್ಳಿದೆ ಅಮ್ಮ, ಈ ಕಡೆ ಬನ್ನಿ ಎಂದು ಕೈಹಿಡಿದು ದಾಟಿಸಿದ್ದ.

"ಕಾಡೊಳಗೆ ಮೇಯೋಕೆ ಬಿಟ್ಟಿದ್ರೆ ಪರಿಹಾರ ಬರ್ತಿರ್ಲಿಲ್ಲ. ಇದು ನಿಮ್ಮ ಹೊಲಾನೇ, ತೊಂದ್ರೆ ಇಲ್ಲ. ದಿನಾ ಇಲ್ಲೇ ಕಟ್ತಿದ್ರಾ ಅಮ್ಮ?"

ಅವಳು ಗಂಡನನ್ನು ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಅಂಥ ನೋಟವನ್ನು ಅವಳು ಕಂಡಿರಲಿಲ್ಲ, ಬೇಡುವವನ ನೋಟ. ಏನೋ ಅಜಾಗರೂಕತೆ ಮಾಡಿದ್ದಾನೆ, ಗಂಡಸಲ್ಲವೇ, ತಿಳಿಯದೆ ಕಟ್ಟಿದ್ದಾನೆ, ನಾಲ್ಕು ಜನರ ಮುಂದೆ ಯಾಕೆ ಮರ್ಯಾದೆ ತೆಗೆಯಲಿ ಎನ್ನಿಸಿತು. "ಹೂಂ ಸ್ವಾಮಿ, ದಿನಾ ಇಲ್ಲೇ," ಎಂದಳು. ಅದನ್ನು ಹೇಳಿದ ಬಾಯಿ ಅವಳದೇ. ಮಹದೇವಪ್ಪ ಆಗ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟ. ತಾಯಿ ಸತ್ತಾಗಲೂ ಅಳದವನು ಭುಜ ಕುಣಿಯುವಂತೆ ಅತ್ತ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವನ ಬೆನ್ನು ತಟ್ಟಿದರು. ಅವಳು ಅವನನ್ನು ಸಮಾಧಾನ ಮಾಡಿದಳು, ರಾತ್ರಿ ಮುದ್ದೆ ತಿರುವಿ ಉಣ್ಣಿಸಿದಳು. ಅವತ್ತಿನಿಂದ ಅವನು ಗಂಟಲು ಸರಿಮಾಡಿಕೊಂಡಾಗಲೆಲ್ಲ ಅವನ ಮನಸ್ಸಿನಲ್ಲಿ ಕೆಂದಿಯ ನೋವಿದೆ ಎಂದೇ ತಿಳಿದಳು. ಆ ಅಳು ಸುಳ್ಳೇ? ಸುಳ್ಳಾಗಿದ್ದರೆ ಒಂದು ಬಗೆ. ನಿಜವಾಗಿದ್ದರೆ, ನಿಜವಾಗಿಯೂ ಅಳುತ್ತಲೇ ಹಾಗೆ ಮಾಡಬಲ್ಲವನಾಗಿದ್ದರೆ? ಅದನ್ನು ಯೋಚಿಸಲು ಅವಳಿಗೆ ಹೆದರಿಕೆಯಾಯಿತು.

ಅವರ ಹೆಸರು ಕರೆದರು. ಮಹದೇವಪ್ಪ ಎದ್ದು ಅವಳ ಮೊಳಕೈ ಹಿಡಿದ. ಮೆಟ್ಟಿಲು ಹತ್ತುವಾಗ ಬೀಳದಿರಲೆಂದು. ಜನ ಚಪ್ಪಾಳೆ ತಟ್ಟಿದರು. ಬಸವರಾಜು ಅವಳ ಹೆಗಲಿಗೆ ಶಾಲು ಹೊದಿಸಿ, ಬಗ್ಗಿ ನಮಸ್ಕಾರ ಮಾಡಿ, ಗಂಡನ ಕೈಗೆ ಹಣ್ಣಿನ ಬುಟ್ಟಿಯನ್ನೂ ಅವಳ ಕೈಗೆ ಪತ್ರವನ್ನೂ ಕೊಟ್ಟ. ಶಾಲಿನ ಜರಿ ಕತ್ತಿಗೆ ಚುಚ್ಚುತ್ತಿತ್ತು. ಕೆಳಗಿನ ಮುಖಗಳೆಲ್ಲ ಒಂದೇ ಮುಖದಂತೆ, ಮೆಚ್ಚುಗೆಯಿಂದ ಬಾಯಿ ತೆರೆದ ಮುಖದಂತೆ ಕಾಣುತ್ತಿದ್ದವು. ಬಸವರಾಜು ಮೈಕಿನಲ್ಲಿ, "ಈ ತಾಯಿ ಅವತ್ತು ನಮ್ಮ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಸತ್ತ ಹಸುವಿನ ಹತ್ತಿರ ಕೂತು ಅದರ ಮುಖ ಒರೆಸುತ್ತಿದ್ದರು. ನನಗೆ ಮರೆಯೋಕಾಗಲ್ಲ" ಎಂದು, ಮೈಕನ್ನು ಅವಳ ಬಾಯಿಯ ಹತ್ತಿರ ತಂದ. "ಎರಡು ಮಾತಾಡಿ ಅಮ್ಮ."

ಬೇಡವೆಂದು ಅವಳು ಹಿಂದೆ ಸರಿದಳು. ಹಿಂದೆ ಹುಲಿಯ ಚಿತ್ರದ ಬಟ್ಟೆ ಬೆನ್ನಿಗೆ ತಾಗಿತು. "ಮಾತಾಡು, ಸರ್ಕಾರಕ್ಕೆ ವಂದನೆ ಏಳು," ಎಂದು ಮಹದೇವಪ್ಪ ತುಟಿ ಅಲ್ಲಾಡಿಸದೆ ಹೇಳಿದ.

"ಅದ್ರ ಹಿಂದಿನ ರಾತ್ರಿ ನಾನು ಊರಲ್ಲಿರ್ಲಿಲ್ಲ," ಎಂದಳು ಸಾಕಮ್ಮ. ತನ್ನ ದನಿ ಇಡೀ ಮಂಟಪದಲ್ಲಿ ಯಾರದೋ ದನಿಯಾಗಿ ತಿರುಗಿ ಬಂದು ಅವಳಿಗೇ ಬಡಿಯಿತು. "ಮಗಳ ಮನೇಗೆ ಕಳಿಸಿದ್ರು. ನಾನಿದ್ದಿದ್ರೆ ಕೆಂದಿ ಸಾಯ್ತಿರ್ಲಿಲ್ಲ."

ಅವಳು ಇನ್ನೂ ಏನೋ ಹೇಳುವವಳಿದ್ದಳು, ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಬಸವರಾಜು ಒದ್ದೆಗಣ್ಣಿನಲ್ಲೇ ಮೈಕು ತೆಗೆದುಕೊಂಡು, "ಕೇಳಿದ್ರಲ್ಲ. ಮನೇಲಿ ಹೆಣ್ಣುಮಕ್ಕಳು ಇದ್ರೆ ಜಾನುವಾರು ಸಂಜೆಗೆ ಮುಂಚೆ ಕೊಟ್ಟಿಗೆ ಸೇರುತ್ವೆ. ಅದೊಂದು ಜಾಗ್ರತೆ ಎಲ್ಲರೂ ಕಲೀಬೇಕು" ಎಂದ. ಚಪ್ಪಾಳೆ ಜೋರಾಯಿತು. ಅವಳು ಹೇಳಿದ್ದನ್ನು ಅಷ್ಟು ಜನ ಕೇಳಿದರು, ಒಬ್ಬನಿಗೆ ಮಾತ್ರ ಕೇಳಿಸಿತು. ಅವನು ಹಣ್ಣಿನ ಬುಟ್ಟಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬುಟ್ಟಿಯೊಳಗಿನ ಸೇಬುಗಳನ್ನು ನೋಡುತ್ತ ನಿಂತಿದ್ದ.

ಊಟಕ್ಕೆ ಮಂಟಪದ ಹಿಂದೆ ಶಾಮಿಯಾನ ಹಾಕಿದ್ದರು. ಮಹದೇವಪ್ಪ ಸಾಲಿನಲ್ಲಿ ನಿಂತು ಎರಡು ತಟ್ಟೆ ಬಿಸಿಬೇಳೆಬಾತು ಹಿಡಿದು ತಂದ. ಅವಳ ತಟ್ಟೆಗೆ ಬೂಂದಿ ಜಾಸ್ತಿ ಹಾಕಿಸಿದ್ದ. ಇಬ್ಬರೂ ಒಂದು ಮೂಲೆಯಲ್ಲಿ ನಿಂತರು.

"ಯಾಕಂಗಂದೆ?" ಎಂದ.

"ಕೆಂದಿ ಕೂಗಿದ್ಲಾ?"

ಅವನು ಬಾಯಿಗೆ ಎತ್ತಿದ್ದ ಚಮಚವನ್ನು ತಟ್ಟೆಗೆ ಇಳಿಸಿದ. ಯಾರು ಹೇಳಿದರು, ಏನು ಹೇಳಿದರು ಎಂದು ಕೇಳಲಿಲ್ಲ. ಇಲ್ಲ ಎನ್ನುತ್ತಾನೆ, ರೇಗುತ್ತಾನೆ, ನಿನಗೆ ತಲೆ ಕೆಟ್ಟಿದೆ ಎನ್ನುತ್ತಾನೆ ಎಂದು ಅವಳು ಕಾದಳು. ಹಾಗಂದಿದ್ದರೆ ನಂಬಿಬಿಡುತ್ತಿದ್ದಳೋ ಏನೋ. ಸುತ್ತ ಜನ ತಟ್ಟೆ ಹಿಡಿದುಕೊಂಡು ಅವರನ್ನು ಒತ್ತಿಕೊಂಡು ಹೋಗುತ್ತಿದ್ದರು.

"ಕೂಗಿದ್ಲು," ಎಂದ. "ಹುಲಿ ಬರಾಕೆ ಮುಂಚೇನೇ ಕೂಗ್ತಾ ಇದ್ಲು. ಮನೆ ಕಡೆ ತಿರುಕ್ಕಂಡು. ನಾನು ಟೀವಿ ಸೌಂಡು ಜಾಸ್ತಿ ಮಾಡ್ದೆ."

ಅವಳು ತಟ್ಟೆಯ ಬೂಂದಿಯನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದಳು.

"ಮಾರಂಗಿಲ್ಲ, ಸಾಕಕ್ಕಾಗಲ್ಲ, ಏನ್ ಮಾಡ್ಲಿ ಏಳು? ಬೀದಿಗೆ ಬುಟ್ರೆ ನಾಯಿ ಕಿತ್ಕಂಡು ತಿಂತಿದ್ವು. ನೀನಿದ್ರೆ ತಡ್ಕಳಾಕಾಯ್ತಿರ್ಲಿಲ್ಲ ಕಣೆ. ನಿಂಗೆ ನೋವಾಗ್ಬಾರ್ದು ಅಂತ್ಲೇ ಕಳಿಸ್ದೆ. ನಿನ್ ಮೇಲಿನ ಪ್ರೀತಿಗೇಯ."

ಅದು ನಿಜವಿರಬೇಕು. ಅವನ ಮುಖದಲ್ಲಿ ಕಪಟವಿರಲಿಲ್ಲ. ತಪ್ಪು ಒಪ್ಪಿಕೊಂಡ ಹಗುರ ಕೂಡ ಇತ್ತು. ಆ ಹೂವು, ಆ ಸೀಟು, ಎಲ್ಲವನ್ನೂ ಅವನು ಮನಸ್ಸಿಟ್ಟೇ ಕೊಟ್ಟಿದ್ದ. ಸಾಕಮ್ಮ "ನೀವು ಉಣ್ಣಿ," ಎಂದು ತಟ್ಟೆಯನ್ನು ಹಾಗೇ ಕಸದ ಡ್ರಮ್ಮಿನ ಪಕ್ಕ ಇಟ್ಟು ಕೈ ತೊಳೆದುಕೊಂಡಳು.

ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ. ಪಕ್ಕದ ಹೆಂಗಸು ಶಾಲು ಮುಟ್ಟಿ ನೋಡಿ, ಯಾವ ಮದುವೆ ಎಂದು ಕೇಳಿದಳು. ಅಲ್ಲ, ಸಾವು ಎಂದು ಬಾಯಿಗೆ ಬಂದರೂ, ಹೂಂ ಎಂದಳು. ಹೊಗೆಸೊಪ್ಪು ಬೇಯುವ ವಾಸನೆ ಕಿಟಕಿಯಿಂದ ಬರುತ್ತಿತ್ತು. ಅಂಥ ಎಷ್ಟು ಬ್ಯಾರನ್ನಿನ ಬೆಂಕಿಯ ಮುಂದೆ ಅವರಿಬ್ಬರೂ ಸರದಿಯ ಮೇಲೆ ನಿದ್ದೆಗೆಟ್ಟಿದ್ದರು. ಅವನು ಮಲಗಿದಾಗ ಇವಳು, ಇವಳು ಮಲಗಿದಾಗ ಅವನು. ಒಬ್ಬರು ಎಚ್ಚರ ಇದ್ದಾರೆಂಬ ನೆಮ್ಮದಿಯಲ್ಲಿ ಇನ್ನೊಬ್ಬರು ಮಲಗುವುದು. ಆ ನಿದ್ದೆ ಇನ್ನು ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು, ಯಾರೋ ಊರಿನ ಸುದ್ದಿ ಹೇಳಿದಂತೆ, ಅಷ್ಟು ಸರಳವಾಗಿ.

ವೀರನಹೊಸಹಳ್ಳಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಮರದ ತುದಿಯಲ್ಲಿತ್ತು. ಅಲ್ಲಿಂದ ಅವರ ಊರಿಗೆ ಕಾಲುದಾರಿ. ಒಂದು ಪಕ್ಕಕ್ಕೆ ಕಂದಕ, ಅದರಾಚೆ ಕಾಡು, ಈಚೆ ಹೊಲ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಸಾಕಮ್ಮ ಮುಂದೆ ನಡೆದಳು. ಅವನ ಹೆಜ್ಜೆ, ಬುಟ್ಟಿಯ ಪ್ಲಾಸ್ಟಿಕ್ಕಿನ ಸರಸರ ಸದ್ದು, ಉಸಿರು, ಎಲ್ಲ ಹಿಂದಿನಿಂದ ಕೇಳಿಸುತ್ತಿತ್ತು. ಬೆನ್ನ ಮೇಲೆ ಏನೋ ಹರಿದಾಡಿದಂತಾಯಿತು. ಅವಳು ಬೇಗ ಬೇಗ ಹೆಜ್ಜೆ ಹಾಕಿದಳು. ಅವನೂ ಬೇಗ ನಡೆದ.

"ನಿಧಾನಕ್ಕೆ ಓಗು ಕಣೆ. ಈ ಜಾಗ ಒಳ್ಳೇದಲ್ಲ. ಎದುರ್ಕಬ್ಯಾಡ, ನಾನು ಇಂದೆ ಇವ್ನಿ."

ಅವಳು ನಿಂತಳು. ಕಂದಕದ ಕಡೆ ಸರಿದು ದಾರಿ ಬಿಟ್ಟಳು.

"ನೀನು ಮುಂದೆ ನಡಿ," ಎಂದಳು.

ಮಹದೇವಪ್ಪ ಅವಳ ಮುಖವನ್ನೇ ನೋಡಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಅವನು ಕೇಳದಿದ್ದ ಮಾತು, ಆ 'ನೀನು'. ಕೇಳಿಸಿದ್ದು ಸರಿಯೋ ಅಲ್ಲವೋ ಎಂಬಂತೆ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

"ಅಲ್ವೇ, ಹುಲಿ ಬಂದ್ರೆ ಇಂದ್ಗಡೆ ಇರೋರ್ನೇ ಮೊದ್ಲು..."

"ಗೊತ್ತು. ನೀನು ಮುಂದೆ ನಡಿ."

ಅವನು ಅವಳನ್ನು ತಾಗದಂತೆ ಮೈ ಕುಗ್ಗಿಸಿಕೊಂಡು ದಾಟಿ ಮುಂದೆ ಹೋದ. ಒಂದೆರಡು ಸಲ ತಿರುಗಿ ನೋಡಲು ಕತ್ತು ಹೊರಳಿಸಿದ, ನೋಡಲಿಲ್ಲ. ಸಾಕಮ್ಮ ಅವನು ಸ್ವಲ್ಪ ದೂರ ಹೋಗುವವರೆಗೆ ನಿಂತಿದ್ದು, ತನ್ನ ಬೆನ್ನನ್ನು ಕಾಡಿಗೆ ಬಿಟ್ಟುಕೊಟ್ಟು, ಅವನ ಹಿಂದೆ ನಡೆದಳು.